ಟೆಸ್ಟಿಂಗ್

ನಾನು ಒಲೆ ರಿಪೇರಿಯವನು. ಉಪ್ಪಳ್ಳಿಯಲ್ಲಿ ಅಂಗಡಿ.
ಮದುವೆ ಮನೆಯ ದೊಡ್ಡ ಬರ್ನರು, ಟೀ ಅಂಗಡಿಯ ಕರಿ ಹಿಡಿದ ಜೆಟ್ಟು,
ಒಂದಿಷ್ಟು ಗೀಸರು: ಇಷ್ಟು ನನ್ನ ಲೋಕ.
ಈಜುವ ನೀರಿಗೂ ಒಲೆ ಹಚ್ಚುತ್ತಾರೆಂದು
ಮೊನ್ನೆಯ ತನಕ ಗೊತ್ತಿರಲಿಲ್ಲ.

ಬೆಳಗಿನ ಜಾವ ಮ್ಯಾನೇಜರ್ ಲೆಸ್ಲಿಯ ಫೋನು:
"ಕಂಪನಿಯವರು ಬರೋದು ಸೋಮವಾರ, ಗೆಸ್ಟ್ ಬಂದು ಕೂತಿದ್ದಾರೆ.
ಬೆಂಕಿ ಅಂದ್ರೆ ಬೆಂಕಿಯೇ ತಾನೆ ದಸ್ತಗೀರ್, ಬಾರಯ್ಯ."

ಕೈಮರ ದಾಟಿ ಬೈಕು ಗುಡ್ಡ ಹತ್ತುವಾಗ
ಡಿಸೆಂಬರಿನ ಚಳಿ ತೋಳೊಳಗೆ ನುಗ್ಗಿ
ಪಾನಾ ಹಿಡಿಯುವ ಬೆರಳೆಲ್ಲ ಕಟ್ಟಿಗೆ.

ಶೆಡ್ಡಿನಲ್ಲಿ ಹೀಟರು, ಗಾಡ್ರೇಜ್ ಬೀರುವಿನಷ್ಟು ಗಾತ್ರ.
ಸ್ವಿಚ್ಚು ಒತ್ತಿದೆ. ಒಳಗೆ ಫ್ಯಾನು ಗೊಣಗಿತು,
ಆಮೇಲೆ
ಟಿಕ್ ಟಿಕ್ ಟಿಕ್ ಟಿಕ್.
ಹಲ್ಲಿ ಲೊಚಗುಟ್ಟಿದರೆ ಮಾತು ನಿಜವಂತೆ.
ಇದು ಲೊಚಗುಟ್ಟಿದ್ದೆಲ್ಲ ಸುಳ್ಳು.

ಮೂರು ಸಲ ನೋಡುತ್ತದೆ. ಆಗಲೂ ಹತ್ತದಿದ್ದರೆ
ಗ್ಯಾಸಿನ ಬಾಯಿ ತಾನೇ ಮುಚ್ಚಿ, ಕೆಂಪು ದೀಪ ಹಚ್ಚಿ
ಮುನಿಸಿಕೊಂಡು ಕೂರುತ್ತದೆ.
ಒಳ್ಳೆಯದೇ. ಗ್ಯಾಸು ತುಂಬಿದ ಪೆಟ್ಟಿಗೆಗೆ ಕಿಡಿ ಕೊಟ್ಟವನ ಹುಬ್ಬು
ಮತ್ತೆ ಬೆಳೆಯಲು ಆರು ತಿಂಗಳು ಬೇಕು.
ನನ್ನದೇ ಹುಬ್ಬು, ಲೆಕ್ಕ ಗೊತ್ತು.

ಮೊದಲು ಮೂಗು: ವಾಸನೆ ಇಲ್ಲ.
ಸಿಲಿಂಡರು ಅಲ್ಲಾಡಿಸಿದೆ: ಭಾರ ಇದೆ.
ರೆಗ್ಯುಲೇಟರಿನ ಮುಳ್ಳು ನಿಲ್ಲಬೇಕಾದಲ್ಲೇ ನಿಂತಿದೆ.
ನೀರು ಓಡದಿದ್ದರೆ ಇದು ಟಿಕ್ ಕೂಡ ಅನ್ನುತ್ತಿರಲಿಲ್ಲ.
"ಫಿಲ್ಟರ್ ನಿನ್ನೆ ತೊಳೆದೆ ಅಣ್ಣ" ಅಂದ ಪೂಲಿನ ಹುಡುಗ.
ಬಿಪುಲ್ ಅಂತೆ, ಅಸ್ಸಾಮಿನ ಕಡೆಯವನು.
ಕನ್ನಡ ಕಲಿತದ್ದು ಕಾಫಿ ಕೊಯ್ಯುವ ಹೆಂಗಸರ ಬಾಯಿಂದ,
ಹಾಗಾಗಿ ಬೆಚ್ಚಿದರೆ "ಅವ್ವಯ್ಯೋ" ಅನ್ನುತ್ತಾನೆ.

ಕಿಡಿ ಹಾರುವ ಸಂದು, ಎರಡು ರೂಪಾಯಿ ಬಿಲ್ಲೆ ಜೋಡಿಸಿ ಅಳೆದೆ.
ಉರಿಯನ್ನು ಕಂಡು ಹೇಳುವ ಕಡ್ಡಿಯೊಂದಿದೆ ಒಳಗೆ,
ಮಸಿ ಕವಿದರೆ ಎದುರಿಗೆ ಉರಿಯುವುದನ್ನೂ ಇಲ್ಲ ಅನ್ನುವ ಜಾತಿ.
ಸ್ಟೀಲ್ ನಾರಿನಲ್ಲಿ ಉಜ್ಜಿ ಕಣ್ಣು ತೆರೆಸಿದೆ.
ಮತ್ತೆ ಟಿಕ್ ಟಿಕ್. ಮತ್ತೆ ಕೆಂಪು.

ಕೊನೆಗೆ ಪೈಲಟ್ ಬಿಚ್ಚಿ ಟಾರ್ಚು ಬಿಟ್ಟರೆ
ಜೆಟ್ಟಿನ ಬಾಯಿಗೆ
ಮಣ್ಣು.
ಕಡಲೆಯಷ್ಟು ದುಂಡು ಮಡಕೆ, ಕುತ್ತಿಗೆ ಸಮೇತ.
ಮಳೆಗಾಲವಿಡೀ ಆರಿದ್ದ ಒಲೆಯೊಳಗೆ
ಕುಂಬಾರ ಹುಳ ಹಸಿ ಗಡಿಗೆ ಮಾಡಿಟ್ಟು
ಸುಡುವುದನ್ನು ಮಾತ್ರ ನನಗೆ ಬಿಟ್ಟು ಹೋಗಿತ್ತು.

ಬಿಪುಲ್ ಅದನ್ನು ಉಗುರಲ್ಲಿ ಎಬ್ಬಿಸಿ
ಕಿಟಕಿಯ ಮೇಲಿಟ್ಟ, ಒಡೆಯದ ಹಾಗೆ.
ಆಗ ಕಂಡೆ ಅವನ ಕೈ:
ಕ್ಲೋರಿನ್ನಿಗೆ ಸುಲಿದು ಬಿರಿದ ಬೆರಳು, ಗಂಟುಗಳಲ್ಲಿ ಹೆಪ್ಪಿನ ಗೆರೆ.
ದಿನಾ ಐದಕ್ಕೇ ಎಲೆ ಬಾಚುತ್ತಾನೆ
ಆ ಮಂಜಿನಂಥ ನೀರಿನಿಂದ.

ಅಪ್ಪನ ಕಾಲದ ಸೀಮೆಎಣ್ಣೆ ಸ್ಟೋವಿನ ಪಿನ್ನು ನನ್ನ ಜೇಬಲ್ಲೇ ಇರುತ್ತದೆ.
ಮೆಲ್ಲಗೆ ಆಡಿಸಿದೆ. ತೂತು ಕೂದಲಷ್ಟೂ ಅಗಲವಾಗಬಾರದು.
ಒತ್ತಿದೆ. ಟಿಕ್, ಟಿಕ್,
ಭುಗ್!
"ಅವ್ವಯ್ಯೋ!"
ನೀಲಿ, ಸಾಲಿಗೆ ಸಾಲು ನೀಲಿ,
ಭತ್ತದ ಸಸಿಮಡಿಯಂತೆ ಒಂದೇ ಎತ್ತರ.

ಅಷ್ಟರಲ್ಲಿ ಲೆಸ್ಲಿ ಓಡಿ ಬಂದರು:
"ಆಫ್ ಮಾಡಪ್ಪ. ಸೂರ್ಯೋದಯ ನೋಡಿ ಬಂದು ಮಲಗಿದ್ದಾರೆ,
ಯಾರೂ ನೀರಿಗಿಳಿಯಲ್ಲವಂತೆ. ಗ್ಯಾಸ್ ದಂಡ."

"ಟೆಸ್ಟಿಂಗ್ ಇದೆ ಸಾರ್" ಅಂದೆ,
ಹೊಟ್ಟೆಪಾಡಿಗೆ ಎಂದೂ ಹೇಳದ ಗಾಂಭೀರ್ಯದಲ್ಲಿ.
"ಎರಡು ತಾಸು ಉರಿಯಬೇಕು. ಬಿಸಿ ನೀರು ಬೀಳುವ ಬಾಯಿಯ ಹತ್ತಿರ
ಒಬ್ಬ ಕೈಕಾಲು ಇಳಿಬಿಟ್ಟು ಕೂತು ಹೇಳುತ್ತಿರಬೇಕು.
ಮಿಷನ್ನು ಹೇಳಿದ್ದನ್ನು ನಂಬಬಾರದು."

ಬಿಪುಲ್ ಪ್ಯಾಂಟು ಮಡಿಚಿದ.
ಅಂಚಿಗೆ ಕೂತು, ಒಂದು ಕಾಲು, ಯೋಚಿಸಿ ಇನ್ನೊಂದು,
ಆಮೇಲೆ ಬಾಗಿ ಎರಡೂ ಕೈ.

ಶೆಡ್ಡಿನಿಂದ ಕೂಗಿದೆ: "ಬಿಸಿ ಬಂತೇನೋ?"
"ಇಲ್ಲ ಅಣ್ಣ."
ಟೀ ಕುಡಿದು ಕೂಗಿದೆ: "ಈಗ?"
"ಇನ್ನೂ ಇಲ್ಲ."
ಇಣುಕಿದರೆ ಅವನ ಮೊಣಕಾಲ ಸುತ್ತ ಹಬೆ ಏಳುತ್ತಿದೆ,
ಕಣ್ಣು ಮುಚ್ಚಿದೆ.
ಮೂರನೆಯ ಸಲ ನಾನು ಕೇಳಲಿಲ್ಲ.